ಹಳೇ ಸೇನಾನೆಲೆಯ ಪಕ್ಕ ಮನೆಯಿದ್ದರೆ

ಅಮೆರಿಕದಲ್ಲಿ ಮುಚ್ಚಿದ ಸೇನಾನೆಲೆಯ ಪಕ್ಕ ಮನೆಯಿದ್ದರೆ, ಅಲ್ಲಿನ ಮಣ್ಣು-ನೀರಿನ ಮಾಲಿನ್ಯದ ವಿರುದ್ಧ ಪ್ರತಿಭಟನೆಯ ಫಲಕ ಬರೆಯುವ ಮೊದಲು ಶುದ್ಧೀಕರಣದ ಕಡತ ಓದಿ. ಸೂಪರ್‌ಫಂಡ್ ಎಂಬ, ವಿಷತ್ಯಾಜ್ಯದ ಜಾಗಗಳನ್ನು ಶುದ್ಧಗೊಳಿಸುವ ಕಾನೂನಿನಂತೆ ಶುದ್ಧೀಕರಣದ ದಾಖಲೆಗಳನ್ನು ಜನರಿಗೆ ನೋಡಲು ಇಡಲೇಬೇಕು. ನಾನು ಮೊದಲು ತೆಗೆಯುವುದು ಹಳೇ ನಕ್ಷೆ: ವಿಮಾನದ ಬಿಡಿಭಾಗ ತೊಳೆಯುತ್ತಿದ್ದ ಶೆಡ್ ಎಲ್ಲಿತ್ತು, ಬೆಂಕಿ ಆರಿಸುವ ತರಬೇತಿಯ ಗುಂಡಿ ಎಲ್ಲಿತ್ತು, ಅಂತರ್ಜಲ ಯಾವ ಕಡೆ ಹರಿಯುತ್ತದೆ. ಶೆಡ್ಡಿನ ಹತ್ತಿರ ಜಿಡ್ಡು ತೆಗೆಯುವ ದ್ರಾವಕ ಟ್ರೈಕ್ಲೋರೋಎಥಿಲೀನ್, ಗುಂಡಿಯ ಹತ್ತಿರ ಬೆಂಕಿ ಆರಿಸುವ ನೊರೆಯಿಂದ ಇಳಿದ, ಸುಲಭವಾಗಿ ಕರಗಿಹೋಗದ ರಾಸಾಯನಿಕಗಳಾದ ಪಿಎಫ್‌ಎಎಸ್ ಹುಡುಕಿಸಿ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಅಂತಿದ್ದರೆ ಸುಮ್ಮನಾಗಬೇಡಿ. ಎಷ್ಟು ಕಡಿಮೆ ಪ್ರಮಾಣದ ತನಕ ಅಳೆದಿರಿ ಎಂದು ಕೇಳಿ. ಈ ಒಂದೇ ಪ್ರಶ್ನೆಗೆ ದೊಡ್ಡ ದೊಡ್ಡ ಅಧಿಕಾರಿಗಳು ತಡವರಿಸಿದ್ದನ್ನು ನೋಡಿದ್ದೇನೆ.

50 ಸ್ಥಳೀಯರ ಸಹಿ ಹಾಕಿಸಿ, ಶುದ್ಧೀಕರಣದ ಬಗ್ಗೆ ಸ್ಥಳೀಯರೂ ಇರುವ ಸಲಹಾ ಮಂಡಳಿ ಬೇಕೆಂದು ಅರ್ಜಿ ಕೊಡಬಹುದು. ಮಂಡಳಿಯಾದರೆ ಸ್ವತಂತ್ರ ತಜ್ಞರ ಖರ್ಚಿಗೆ ರಕ್ಷಣಾ ಇಲಾಖೆಯನ್ನೇ ಕೇಳಬಹುದು. ಶುದ್ಧೀಕರಣದ ಪ್ರಸ್ತಾವಿತ ಯೋಜನೆಗೆ ಅಭಿಪ್ರಾಯ ಹೇಳಲು ಕನಿಷ್ಠ 30 ದಿನ. ಸಾಲದಿದ್ದರೆ ಗಡುವಿನೊಳಗೇ ವಿಸ್ತರಣೆ ಕೇಳಿ. ಹೇಳುವುದನ್ನು ಬರಹದಲ್ಲೇ ಕೊಡಿ.