ಎಡಗಿವಿಗೆ ಮಾತ್ರ ಹಾಡಿದ ಭಾಗವತರು

ಅಪ್ಪ ಟೇಪ್‌ರೆಕಾರ್ಡರ್ ತೊಡೆ ಮೇಲಿಟ್ಟುಕೊಂಡು ತುಂಬಿಸಿದ್ದ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಳೆದ ಮಳೆಗಾಲದಲ್ಲಿ ಲ್ಯಾಪ್‌ಟಾಪಿಗೆ ಇಳಿಸಿದೆ. ಮೊದಲನೆಯದನ್ನು ತಂಗಿಗೆ ಕಳಿಸಿದ ಹತ್ತೇ ನಿಮಿಷಕ್ಕೆ ಫೋನು. "ಅಣ್ಣಾ, ಭಾಗವತರು ಎಡಗಿವಿಗೆ ಮಾತ್ರ ಹಾಡ್ತಿದ್ದಾರೆ. ನನ್ನ ಇಯರ್‌ಫೋನ್ ಹಾಳಾಯ್ತಾ?"

ತಪ್ಪು ಟೇಪ್‌ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ಹಾಕಿದ್ದ ನನ್ನ ವೈರಿನದು. ಅದರ ಪಿನ್ ಮೇಲೆ ಒಂದೇ ಗೆರೆ ಇತ್ತು, ಅಂದರೆ ಒಂದೇ ದನಿ ಒಯ್ಯುವ ಮೋನೋ ಪಿನ್. ಎಡಕ್ಕೂ ಬಲಕ್ಕೂ ಬೇರೆ ಬೇರೆ ದನಿ ಒಯ್ಯುವ ಸ್ಟೀರಿಯೋ ಪಿನ್ನಿಗೆ ಎರಡು ಗೆರೆ ಇರುತ್ತವೆ. ಹಾಗಾಗಿ ಫೈಲಿನ ಬಲಭಾಗ ಪೂರ್ತಿ ಖಾಲಿ.

ಸರಿಮಾಡೋಕೆ ಉಚಿತವಾಗಿ ಸಿಗುವ ಆಡಾಸಿಟಿ ಅನ್ನುವ ದನಿ ತಿದ್ದುವ ಸಾಫ್ಟ್‌ವೇರ್ ಸಾಕು. ಫೈಲ್ ತೆರೆದರೆ ಮೇಲೆ ಅಲೆ, ಕೆಳಗೆ ಚಪ್ಪಟೆ ಗೆರೆ ಕಾಣುತ್ತದೆ. ನಾನು ಮೊದಲು ಎರಡನ್ನೂ ಬೆರೆಸಿ ಮೋನೋ ಮಾಡುವ ಆಯ್ಕೆ ಒತ್ತಿದೆ. ದನಿ ಅರ್ಧಕ್ಕೆ ಇಳಿಯಿತು! ತುಂಬಿದ್ದನ್ನೂ ಖಾಲಿಯನ್ನೂ ಕೂಡಿಸಿ ಸರಾಸರಿ ತೆಗೆದರೆ ಇನ್ನೇನಾಗುತ್ತೆ? ಬದಲಿಗೆ ಟ್ರ್ಯಾಕಿನ ಹೆಸರಿನ ಪಕ್ಕದ ಮೆನುವಿನಲ್ಲಿ 'ಸ್ಪ್ಲಿಟ್ ಸ್ಟೀರಿಯೋ ಟು ಮೋನೋ' ಒತ್ತಿ. ಖಾಲಿ ಟ್ರ್ಯಾಕ್ ಅಳಿಸಿ. ಉಳಿದದ್ದನ್ನು ಎಕ್ಸ್‌ಪೋರ್ಟ್ ಮಾಡುವಾಗ ಸ್ಟೀರಿಯೋ ಆರಿಸಿ. ಎರಡೂ ಕಿವಿಗೆ ಒಂದೇ ದನಿ. ಅಷ್ಟೇ ಕೆಲಸ.

ನಿಜ ಹೇಳಬೇಕಂದ್ರೆ ಸ್ಟೀರಿಯೋ ಕೂಡ ಬೇಕಿಲ್ಲ. ಮೋನೋ ಫೈಲನ್ನು ಫೋನು ತಾನೇ ಎರಡೂ ಕಡೆ ಕೇಳಿಸುತ್ತದೆ. ಕ್ಯಾಸೆಟ್ಟಿನ 45 ನಿಮಿಷದ ಒಂದು ಬದಿ, ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲಿನಲ್ಲಿ ಮೋನೋ ಆದರೆ ಸುಮಾರು 240 ಎಂಬಿ. ಸ್ಟೀರಿಯೋ ಮಾಡಿದರೆ 480. ಸುಮ್ನೆ ಜಾಗ ದಂಡ. ಎರಡೂ ಚಾನೆಲ್ ಇದ್ದೇ ತೀರಬೇಕು ಅನ್ನುವ ವಿಡಿಯೋ ಕೆಲಸಕ್ಕೆ ಮಾತ್ರ ನಾನು ಸ್ಟೀರಿಯೋ ಮಾಡುತ್ತೇನೆ.

ಆದರೆ ತಂಗಿಗೆ ಅದೂ ಸಾಲಲಿಲ್ಲ. "ಎಲ್ಲರೂ ತಲೆಯೊಳಗೇ ಕೂತ ಹಾಗಿದೆ, ಸ್ವಲ್ಪ ಅಗಲ ಮಾಡು" ಅಂದಳು. ಅದಕ್ಕೂ ಉಪಾಯ ಇದೆ. ಕಂಟ್ರೋಲ್ ಜೊತೆ ಡಿ ಒತ್ತಿ ಟ್ರ್ಯಾಕಿನ ನಕಲು ಮಾಡಿ. ಒಂದರ ಪ್ಯಾನ್, ಅಂದರೆ ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ಪಟ್ಟಿ, ಪೂರ್ತಿ ಎಡಕ್ಕೆ, ಇನ್ನೊಂದರದ್ದು ಪೂರ್ತಿ ಬಲಕ್ಕೆ. ಬಲದ ಟ್ರ್ಯಾಕ್ ಮಾತ್ರ ಆರಿಸಿ, ಶುರುವಿನಲ್ಲಿ ಕರ್ಸರ್ ಇಟ್ಟು, ಜನರೇಟ್ ಮೆನುವಿನ ಸೈಲೆನ್ಸ್‌ನಿಂದ 15 ಮಿಲಿಸೆಕೆಂಡ್ ಮೌನ ಸೇರಿಸಿ. ದನಿ ಹರಡುತ್ತದೆ. ಆದರೆ ಮೊದಲು ಕೇಳಿಸಿದ ಎಡದ ಕಡೆಗೇ ಅದು ವಾಲುತ್ತದೆ, ಹಾಗಾಗಿ ಆ ಬದಿಯ ಗೇನ್, ಅಂದರೆ ದನಿಯ ಮಟ್ಟ, ಒಂದಿಷ್ಟು ಇಳಿಸಿ. ನಾನು ಆಸೆಗೆ ಬಿದ್ದು 40ಕ್ಕೆ ಏರಿಸಿದೆ. ಚೆಂಡೆಯ ಒಂದೊಂದು ಪೆಟ್ಟೂ ಎರಡೆರಡಾಯಿತು!

ಕಳಿಸುವ ಮುಂಚೆ ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಕೇಳಿ. ಎರಡೂ ಬದಿ ಅಲ್ಲಿ ಸೇರಿದಾಗ ಕೆಲವು ಸ್ವರ ಒಂದನ್ನೊಂದು ತಿಂದುಹಾಕುತ್ತವೆ, ಅರ್ಥಧಾರಿಯ ಮಾತು ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಅಮ್ಮ ಕೇಳೋದು ಅಂಥ ಫೋನಿನಲ್ಲೇ. ಹಾಗಾಗಿ ಅಗಲದ್ದು ತಂಗಿಗೆ, ಮೋನೋ ಅಮ್ಮನಿಗೆ.