ಬುತ್ತಿ ಗಂಟು ಬಿಚ್ಚಿದಂತೆ ಸೂತ್ರ ಬಿಡಿಸಿ

ಕಲಬುರಗಿಯ ನಮ್ಮ ಮನೆ ಪಡಸಾಲೆಯಲ್ಲಿ ಸಂಜೆ ಟ್ಯೂಷನ್ ಹೇಳುತ್ತೇನೆ. ಹುಡುಗರಿಗೆ ಸೂತ್ರ ಬಾಯಿಪಾಠ ಇರುತ್ತದೆ. ಅದರೊಳಗಿನ ಬೇರೆ ಅಕ್ಷರದ ಬೆಲೆ ಕೇಳಿದರೆ ಮಾತ್ರ ಪೆನ್ನು ನಿಂತುಬಿಡುತ್ತದೆ.

ಮೊನ್ನೆ ಮಗನನ್ನು ಕರೆದೊಯ್ಯಲು ಬಂದ ಒಬ್ಬರ ಜೇಬಿನಲ್ಲಿ ತೊಗರಿ ಮಾರಿದ ಚೀಟಿ ಇತ್ತು. ಅದನ್ನೇ ಬೋರ್ಡಿನ ಮೇಲೆ ಬರೆದೆ:

ಹ = ದ × ತ − ಖ

ಹ ಅಂದರೆ ಕೈಗೆ ಬಂದ ಹಣ, 85,200 ರೂಪಾಯಿ. ತ ತೂಕ, 12 ಕ್ವಿಂಟಲ್. ಖ ಅಂದರೆ ಹಮಾಲಿ, ಗಾಡಿ ಬಾಡಿಗೆ ಸೇರಿ 1,200. ಕ್ವಿಂಟಲ್ ದರ ದ ಎಷ್ಟು?

ಹುಡುಗ 85,200 ಅನ್ನು 12ರಿಂದ ಭಾಗಿಸಿದ, 7,100 ಬಂತು. ಅದಕ್ಕೆ 1,200 ಕೂಡಿಸಿ 8,300 ಅಂದ. "ಏ ತಮ್ಮಾ, ಅಷ್ಟು ರೇಟ್ ಸಿಕ್ಕಿದ್ರ ಇನ್ನೇನ್ ಬೇಕಿತ್ತೋ!" ಅಂತ ಅಪ್ಪ ನಕ್ಕರು.

ತಪ್ಪಿದ್ದು ಬಿಚ್ಚುವ ಕ್ರಮದಲ್ಲಿ. ಹೊಲಕ್ಕೆ ಬುತ್ತಿ ಕಟ್ಟುವಾಗ ರೊಟ್ಟಿ ಮೊದಲು, ಗಂಟು ಕೊನೆಗೆ. ಬಿಚ್ಚುವಾಗ ಗಂಟೇ ಮೊದಲು, ಅಲ್ವಾ? ಇಲ್ಲಿ ದ ಅನ್ನು ಮೊದಲು ತ ದಿಂದ ಗುಣಿಸಿದ್ದಾರೆ, ಆಮೇಲೆ ಖ ಕಳೆದಿದ್ದಾರೆ. ಹಾಗಾಗಿ ಮೊದಲು ಎರಡೂ ಬದಿಗೆ ಖ ಕೂಡಿಸಿ: ಹ + ಖ = ದ × ತ. ಈಗ ಎರಡೂ ಬದಿಯನ್ನು ತ ದಿಂದ ಭಾಗಿಸಿ:

ದ = (ಹ + ಖ) ÷ ತ

86,400 ÷ 12 = 7,200. ಚೀಟಿಯಲ್ಲೂ ಅದೇ ಇತ್ತು. ಮೊದಲೇ ಭಾಗಿಸಬಾರದು ಅಂತೇನಿಲ್ಲ. ಆದರೆ ಆಗ ಖರ್ಚನ್ನೂ 12ರಿಂದ ಭಾಗಿಸಬೇಕು: 7,100ಕ್ಕೆ 100 ಕೂಡಿಸಿದರೆ ಅದೇ 7,200.

ಶಾಲೆಯಲ್ಲಿ ಇದಕ್ಕೆ ಪಕ್ಷಾಂತರ ಅಂತಾರೆ, ಆ ಕಡೆ ಹೋದರೆ ಚಿಹ್ನೆ ಬದಲು. ನನಗೆ ಈ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಪಕ್ಷಾಂತರ ರಾಜಕೀಯದವರಿಗೆ ಇರಲಿ. ಇಲ್ಲಿ ಯಾರೂ ಸುಮ್ನೆ ಆ ಕಡೆ ಜಿಗಿಯುವುದಿಲ್ಲ, ಎರಡೂ ತಟ್ಟೆಗೆ ಒಂದೇ ತೂಕ ಹಾಕುತ್ತೇವೆ ಅಷ್ಟೇ.

ಬೇಕಾದ ಅಕ್ಷರ ಭಾಗಾಕಾರದ ಕೆಳಗಿದ್ದರೆ? ಸಮಯ = ದೂರ ÷ ವೇಗ. ಮೊದಲು ಎರಡೂ ಬದಿಯನ್ನು ವೇಗದಿಂದ ಗುಣಿಸಿ ಅದನ್ನು ಮೇಲೆ ತನ್ನಿ, ಆಮೇಲೆ ಸಮಯದಿಂದ ಭಾಗಿಸಿ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗ ಸುಮಾರು 110 ಕಿ.ಮೀ. ಎರಡೂವರೆ ಗಂಟೆಯಲ್ಲಿ ಮುಟ್ಟಬೇಕಾದರೆ ಸರಾಸರಿ ವೇಗ ಗಂಟೆಗೆ 44 ಕಿ.ಮೀ.

ಕೊನೆಗೆ ಆವರಣದ ವಿಷಯ. ಫ್ಯಾರನ್‌ಹೀಟ್ = 9 × ಸೆಲ್ಸಿಯಸ್ ÷ 5 + 32. ತಿರುಗಿಸಿದರೆ ಸೆಲ್ಸಿಯಸ್ = 5 × (ಫ್ಯಾರನ್‌ಹೀಟ್ − 32) ÷ 9. ಜ್ವರ 104 ಇದ್ದರೆ 72 × 5 ÷ 9, ಅಂದರೆ 40 ಡಿಗ್ರಿ. ಆವರಣ ಮರೆತು, 104 × 5 ÷ 9 ಮಾಡಿ ಆಮೇಲೆ 32 ಕಳೆದ ಹುಡುಗಿಯೊಬ್ಬಳಿಗೆ 25.8 ಬಂತು. ಆ 25.8 ಅನ್ನೇ ಮೂಲ ಸೂತ್ರಕ್ಕೆ ಹಾಕು ಅಂದೆ. 104ರ ಬದಲು ಸುಮಾರು 78 ಬಂದಾಗ ತಾನೇ ರಬ್ಬರ್ ಹುಡುಕಿದಳು.