ಎಲ್‌ಬಿಒ ಹರಳಿನಲ್ಲಿ ಹಸಿರು ಉಂಗುರ

ಬೇಕಿದ್ದದ್ದು ನಡುವೆ ಕತ್ತಲಿರುವ 532 ನ್ಯಾನೋಮೀಟರ್ ಉಂಗುರ. ಇದ್ದದ್ದು 1064 ನ್ಯಾನೋಮೀಟರಿನ ಅತಿಗೆಂಪು ಪಲ್ಸ್ ಲೇಸರ್: 20 ಕಿಲೋಹರ್ಟ್ಸ್, 10 ನ್ಯಾನೋಸೆಕೆಂಡ್, ಸರಾಸರಿ 1 ವ್ಯಾಟ್. ಅಂದರೆ ಪಲ್ಸಿಗೆ 50 ಮೈಕ್ರೋಜೌಲ್. ಈ ಅತಿಗೆಂಪನ್ನು ಅರ್ಧ ತರಂಗಾಂತರದ ಹಸಿರಾಗಿ ಬದಲಿಸುವುದು ಎಲ್‌ಬಿಒ (ಲಿಥಿಯಂ ಟ್ರೈಬೋರೇಟ್) ಹರಳು.

ಮೊದಲು ಸುರುಳಿ ಫೇಸ್ ಪ್ಲೇಟ್: ಸುತ್ತುತ್ತಾ ದಪ್ಪವಾಗುವ ಗಾಜು, ಕಿರಣದ ಅಲೆಗೆ ಒಂದು ಸುತ್ತಿನ ತಿರುಚು ಕೊಟ್ಟು ನಡುವೆ ಕತ್ತಲು ಮಾಡುತ್ತದೆ. ಫ್ಯೂಸ್ಡ್ ಸಿಲಿಕಾದಲ್ಲಿ ಒಂದು ಸುತ್ತಿಗೆ 2.37 ಮೈಕ್ರಾನ್ ಏರಿಕೆ. ಆಮೇಲೆ 150 ಮಿ.ಮೀ. ಲೆನ್ಸ್, 1 ಮಿ.ಮೀ. ತ್ರಿಜ್ಯದ ಕಿರಣ ಸುಮಾರು 50 ಮೈಕ್ರಾನಿಗೆ ಇಳಿಯುತ್ತದೆ.

ಇದೇ ಕೆಲಸ ಮಾಡುವ ಇನ್ನೊಂದು ಹರಳು ಬಿಬಿಒ ಬಳಸಲಿಲ್ಲ. ಅದರಲ್ಲಿ ಹಸಿರು ಕಿರಣ ಸುಮಾರು 3.2 ಡಿಗ್ರಿ ಪಕ್ಕಕ್ಕೆ ಸರಿಯುತ್ತದೆ, 10 ಮಿ.ಮೀ. ಹರಳಿನಲ್ಲಿ ಅದು ಅರ್ಧ ಮಿ.ಮೀ.ಗೂ ಹೆಚ್ಚು, ಉಂಗುರ ಉದ್ದಕ್ಕೆ ಎಳೆದುಹೋಗುತ್ತದೆ. ಎಲ್‌ಬಿಒ ಹರಳನ್ನು ಎಕ್ಸ್-ಅಕ್ಷದಗುಂಟ ಕತ್ತರಿಸಿ ಸುಮಾರು 149 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಈ ಸರಿಯುವಿಕೆಯೇ ಇಲ್ಲ. ಒಳಬರುವ ಕಿರಣದ ಧ್ರುವೀಕರಣ (ಬೆಳಕಿನ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕು) ಝಡ್-ಅಕ್ಷಕ್ಕೆ ಹೊಂದಬೇಕು. ಆ ದಿಕ್ಕನ್ನು ಬದಲಿಸುವ ಹಾಫ್-ವೇವ್ ಪ್ಲೇಟ್ ತಿರುಗಿಸಿದರೆ ಸಾಕು.

ಓವನ್‌ಗೆ ತಾಮ್ರದ ಬ್ಲಾಕ್ ಪೀಣ್ಯದಲ್ಲಿ ಮಾಡಿಸಿದೆ. ಹೀಟರ್, ಪಿಟಿ100 ತಾಪ ಸೆನ್ಸರ್, ತಾಪವನ್ನು ಸ್ಥಿರವಾಗಿಡುವ ಪಿಐಡಿ ಕಂಟ್ರೋಲರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. ಹರಳಿಗೆ ರೂಢಿಯಂತೆ ಇಂಡಿಯಮ್ ಎಂಬ ಮೆದು ಲೋಹದ ಹಾಳೆ ಸುತ್ತಬೇಡಿ: ಅದು 156.6 ಡಿಗ್ರಿಗೆ ಕರಗುತ್ತದೆ, ಪಿಐಡಿ ಒಮ್ಮೆ ಮಿತಿ ಮೀರಿದರೆ ಸಾಕು. ಬಿಗಿಯಾಗಿ ಹಿಡಿಯುವುದೂ ಬೇಡ. ಎಲ್‌ಬಿಒ ಬಿಸಿಯಾದಾಗ ಒಂದು ಅಕ್ಷದಲ್ಲಿ ಹಿಗ್ಗಿ ಇನ್ನೊಂದರಲ್ಲಿ ಕುಗ್ಗುವುದರಿಂದ ಬಿರುಕು ಬಿಡುತ್ತದೆ. ಹಿಡಿಯಲು ಸಡಿಲ ಸ್ಪ್ರಿಂಗ್, ತಾಪ ಏರಿಸುವುದು ನಿಮಿಷಕ್ಕೆ 2 ಡಿಗ್ರಿ. ಒಂದು ಗಂಟೆ ಕಾಯಬೇಕು. ಕರೆಂಟ್ ಹೋದರೆ ಹರಳು ಒಮ್ಮೆಗೇ ತಣ್ಣಗಾಗದಂತೆ ಓವನ್‌ಗೆ ಯುಪಿಎಸ್ ಕೊಟ್ಟೆ. ಮಳೆಗಾಲದಲ್ಲಿ ಕೆಲಸವಿಲ್ಲದಾಗಲೂ 50 ಡಿಗ್ರಿಯಲ್ಲಿ ಬಿಟ್ಟಿರುತ್ತೇನೆ, ತೇವ ಕೂರುವುದಿಲ್ಲ.

ಇನ್ನು ತಲೆನೋವಿನ ಭಾಗ. ಹರಳು ಕಿರಣದ ಕ್ಷೇತ್ರವನ್ನು ವರ್ಗ ಮಾಡುತ್ತದೆ. ಹಾಗಾಗಿ ಒಂದು ಸುತ್ತಿನ ತಿರುಚು ಎರಡಾಗುತ್ತದೆ; ಫೋಕಸ್‌ನಲ್ಲಿ ಉಂಗುರದ ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇದ್ದು ದಪ್ಪ ಮಾತ್ರ ತೆಳುವಾಗುತ್ತದೆ. ಆದರೆ ದೋಷವೂ ವರ್ಗವಾಗುತ್ತದೆ. ಅತಿಗೆಂಪಿನಲ್ಲಿ ಒಂದು ಬದಿ 10% ಹೆಚ್ಚು ಬೆಳಗಿದ್ದರೆ ಹಸಿರಿನಲ್ಲಿ ಅದು 21%. ಆದ್ದರಿಂದ ಫೇಸ್ ಪ್ಲೇಟನ್ನು ಕೇಂದ್ರಕ್ಕೆ ತರುವ ಕೆಲಸವೆಲ್ಲ ಹರಳು ಇಡುವ ಮೊದಲೇ ಮುಗಿಯಬೇಕು. ಹಸಿರು ನೋಡಿಕೊಂಡು ಪ್ಲೇಟ್ ಸರಿಸುತ್ತಾ ಕೂತರೆ ಸಂಜೆಯಾಗುತ್ತದೆ. ನಡುವಿನ ಕತ್ತಲು ಎರಡು ಚುಕ್ಕೆಗಳಾಗಿ ಒಡೆದಿದ್ದರೆ ನಾನು ಮೊದಲು ನೋಡುವುದು ಲೆನ್ಸ್ ಓರೆಯಾಗಿದೆಯೇ ಎಂದು.

ಪರೀಕ್ಷೆಗೆ ಮಾತ್ರ ಬೇಕೆಂದೇ ಓರೆ ಮಾಡಿದ ಇನ್ನೊಂದು ಲೆನ್ಸ್: ಅದರ ಫೋಕಸ್ ಬಳಿ ಸುತ್ತಿಗೊಂದರಂತೆ ಎರಡು ಕತ್ತಲ ಗೆರೆ ಕಾಣಬೇಕು. ಒಂದೇ ಕಂಡರೆ ಹರಳನ್ನು ಬೈಯಬೇಡಿ. ಸಿಲಿಕಾನ್ ಕ್ಯಾಮೆರಾಗೆ ಹಸಿರಾಗದೆ ಉಳಿದ, ಒಂದೇ ಸುತ್ತಿನ 1064 ಕೂಡ ಕಾಣುತ್ತದೆ. ಹಸಿರನ್ನೂ ಅತಿಗೆಂಪನ್ನೂ ಬೇರ್ಪಡಿಸುವ ಡೈಕ್ರೋಯಿಕ್ ಕನ್ನಡಿಯ ಹಿಂದೆ ಅತಿಗೆಂಪನ್ನು ಹೀರುವ ಒಂದು ಬಿಜಿ39 ಫಿಲ್ಟರ್ ಹಾಕಿ ಮತ್ತೆ ಎಣಿಸಿ.